ಬೆಳಕು ಬಿದ್ದಾಗ ಕೆಲಸ ಮಾಡುವ ಕ್ಯಾನ್ಸರ್ ಔಷಧಿ, ಅದನ್ನು ಹೊರುವ ನ್ಯಾನೋ ಕಣ: ಮನೆಯಲ್ಲೇ ಎರಡು ಸಲ ನೋಡಿದವಳ ರಿವ್ಯೂ

ಮೊದಲೇ ಸ್ಟಾರ್ ಹೇಳಿಬಿಡುತ್ತೇನೆ. ಅಪ್ಪನಿಗೆ ಕೊಟ್ಟ ಹಳೆಯ ಇಂಜೆಕ್ಷನ್‌ಗೆ ಐದಕ್ಕೆ ಮೂರು. ಅಕ್ಕನಿಗೆ ಹಚ್ಚಿದ ನ್ಯಾನೋ ಎಮಲ್ಷನ್ ಜೆಲ್‌ಗೆ ನಾಲ್ಕೂವರೆ. ಇನ್ನೂ ಲ್ಯಾಬ್ ದಾಟದ ನ್ಯಾನೋ ಕಣಗಳಿಗೆ ಸ್ಟಾರ್ ಇಲ್ಲ. ಇಲಿಯಲ್ಲಿ ಕೆಲಸ ಮಾಡಿದ್ದಕ್ಕೆ ಮನುಷ್ಯರ ಟ್ರೀಟ್‌ಮೆಂಟ್ ರಿವ್ಯೂನಲ್ಲಿ ಅಂಕ ಕೊಡುವುದು ಸರಿಯಲ್ಲ. ಆದರೂ ಅವುಗಳ ಬಗ್ಗೆ ಜಾಸ್ತಿಯೇ ಬರೆಯುತ್ತೇನೆ, ಯಾಕಂದ್ರೆ ಅಪ್ಪನ ಸಮಯದಲ್ಲಿ ನಾವು ಪಟ್ಟ ಪಾಡಿಗೆ ಉತ್ತರ ಹುಡುಕುತ್ತಿರುವವರು ಅಲ್ಲೇ ಇದ್ದಾರೆ.

ಟ್ರೀಟ್‌ಮೆಂಟ್ ಹೆಸರು ಫೋಟೋಡೈನಮಿಕ್ ಥೆರಪಿ. ಆಸ್ಪತ್ರೆಯಲ್ಲಿ ಎಲ್ಲರೂ ಪಿಡಿಟಿ ಅಂತಾರೆ. ಒಂದು ಔಷಧಿ ಕೊಡುತ್ತಾರೆ. ಅದು ಕತ್ತಲಲ್ಲಿ ಸುಮ್ನೆ ಇರುತ್ತದೆ, ಯಾರಿಗೂ ಏನೂ ಮಾಡುವುದಿಲ್ಲ. ಗೆಡ್ಡೆಯ ಮೇಲೆ ಸರಿಯಾದ ಬಣ್ಣದ ಬೆಳಕು ಬಿಟ್ಟಾಗ ಆ ಔಷಧಿ ಬೆಳಕಿನ ಶಕ್ತಿ ಹೀರಿಕೊಂಡು ಪಕ್ಕದಲ್ಲಿರುವ ಆಕ್ಸಿಜನ್‌ಗೆ ದಾಟಿಸುತ್ತದೆ. ಹಾಗೆ ಶಕ್ತಿ ತುಂಬಿಕೊಂಡ ಆಕ್ಸಿಜನ್‌ಗೆ ಸಿಂಗ್ಲೆಟ್ ಆಕ್ಸಿಜನ್ ಅಂತ ಹೆಸರು. ಅದು ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಪಾಲು ಕಡಿಮೆ ಹೊತ್ತು ಇರುತ್ತದೆ, ಹುಟ್ಟಿದ ಜಾಗದಿಂದ ಒಂದು ಜೀವಕೋಶದ ಅಗಲವನ್ನೂ ದಾಟುವುದಿಲ್ಲ, ಆದರೆ ಆ ಚಿಕ್ಕ ಜಾಗದಲ್ಲಿ ಸಿಕ್ಕಿದ್ದನ್ನೆಲ್ಲ ಸುಟ್ಟುಹಾಕುತ್ತದೆ. ಔಷಧಿ, ಬೆಳಕು, ಆಕ್ಸಿಜನ್ ಮೂರೂ ಒಂದೇ ಕಡೆ ಸೇರಬೇಕು. ಒಂದು ಇಲ್ಲ ಅಂದರೂ ಏನೂ ಆಗುವುದಿಲ್ಲ. ಕೀಮೋ ನೋಡಿ ಬೆದರಿದ್ದ ನಮಗೆ ಇದನ್ನು ಕೇಳಿದಾಗ ಎಷ್ಟು ಸಮಾಧಾನ ಆಯಿತು ಅಂದರೆ, ಅಪ್ಪ ಆವತ್ತೇ ಒಪ್ಪಿಕೊಂಡರು.

ಅಪ್ಪನಿಗೆ ಅನ್ನನಾಳದಲ್ಲಿ ಗೆಡ್ಡೆ. ಗೊತ್ತಾಗುವ ಹೊತ್ತಿಗೆ ಬಹಳ ಮುಂದುವರಿದಿತ್ತು, ನೀರು ನುಂಗುವುದೂ ಕಷ್ಟ ಆಗಿತ್ತು. ಡಾಕ್ಟರ್ ಸುಳ್ಳು ಭರವಸೆ ಕೊಡಲಿಲ್ಲ. ಇದು ಗುಣ ಮಾಡುವುದಕ್ಕಲ್ಲ, ನುಂಗುವುದಕ್ಕೆ ದಾರಿ ಬಿಡಿಸುವುದಕ್ಕೆ ಅಂತ ನೇರವಾಗಿ ಹೇಳಿದರು. ಔಷಧಿ ಪೋರ್ಫೈಮರ್ ಸೋಡಿಯಂ. ಕೆನಡಾದಲ್ಲಿ 1993ರಲ್ಲಿ ಮೂತ್ರಕೋಶದ ಕ್ಯಾನ್ಸರ್‌ಗೆ ಮೊದಲು ಒಪ್ಪಿಗೆ ಸಿಕ್ಕಿದ್ದು ಇದಕ್ಕೇ. ಅಮೆರಿಕದಲ್ಲಿ 1995ರಲ್ಲಿ ಒಪ್ಪಿಗೆ ಸಿಕ್ಕಿದ್ದು ಅಪ್ಪನ ಸ್ಥಿತಿಯಲ್ಲೇ ಇರುವ, ಅನ್ನನಾಳ ಕಟ್ಟಿಕೊಂಡ ರೋಗಿಗಳಿಗೆ. ದೇಹದ ತೂಕದ ಪ್ರತಿ ಕಿಲೋಗೆ 2 ಮಿಲಿಗ್ರಾಂ ಲೆಕ್ಕದಲ್ಲಿ ರಕ್ತನಾಳಕ್ಕೆ ನಿಧಾನವಾಗಿ ಕೊಟ್ಟರು. ಆಮೇಲೆ ಕಾಯಬೇಕು. 40ರಿಂದ 50 ಗಂಟೆ ಬಿಟ್ಟು ಎಂಡೋಸ್ಕೋಪ್ ಒಳಗಿನಿಂದ ತೆಳ್ಳಗಿನ ಫೈಬರ್ ಇಳಿಸಿ, 630 ನ್ಯಾನೋಮೀಟರ್‌ನ ಕೆಂಪು ಲೇಸರ್ ಬೆಳಕನ್ನು ಹನ್ನೆರಡೂವರೆ ನಿಮಿಷ ಬಿಟ್ಟರು. ಆ ಲೇಸರ್ ಕೊಯ್ಯುವುದೂ ಇಲ್ಲ, ಸುಡುವುದೂ ಇಲ್ಲ, ಬಿಸಿಯೂ ಅಷ್ಟಾಗಿ ಇರುವುದಿಲ್ಲ. ಎರಡು ದಿನ ಬಿಟ್ಟು ಮತ್ತೆ ಎಂಡೋಸ್ಕೋಪಿ ಮಾಡಿ ಸತ್ತ ಭಾಗವನ್ನು ತೆಗೆದು ದಾರಿ ಕ್ಲೀನ್ ಮಾಡಿದರು. ನಡುವೆ ಎದೆನೋವು ಜೋರಾಗಿಯೇ ಬಂತು, ಒಳಗೆ ಊತ ಬರುವುದರಿಂದ ಹೀಗಾಗುತ್ತದೆ ಅಂತ ಮೊದಲೇ ಹೇಳಿದ್ದರು, ನೋವಿನ ಮಾತ್ರೆ ಸಿದ್ಧ ಇತ್ತು. ಒಂದು ವಾರ ಕಳೆದ ಮೇಲೆ ಅಪ್ಪ ನೀರು ಕುಡಿದರು. ಆಮೇಲೆ ಮೆತ್ತಗಿನ ಊಟ. ಕೆಲಸದ ವಿಷಯದಲ್ಲಿ ಈ ಟ್ರೀಟ್‌ಮೆಂಟ್ ಮೇಲೆ ನನ್ನದು ಒಂದು ದೂರೂ ಇಲ್ಲ.

ಎರಡು ಸ್ಟಾರ್ ಕಳೆದದ್ದು ಬೆಳಕಿನ ವಿಷಯಕ್ಕೆ.

ಈ ಔಷಧಿ ಗೆಡ್ಡೆಗೆ ಮಾತ್ರ ಹೋಗುವುದಿಲ್ಲ. ಮೈಯೆಲ್ಲ ಹೋಗುತ್ತದೆ, ಚರ್ಮದಲ್ಲೂ ಕಣ್ಣಲ್ಲೂ ಉಳಿಯುತ್ತದೆ. ಚರ್ಮದಲ್ಲಿ ಔಷಧಿ ಇದೆ, ಆಕ್ಸಿಜನ್ ಹೇಗೂ ಇದೆ, ಬಿಸಿಲಿಗೆ ಬಂದರೆ ಬೆಳಕೂ ಸೇರಿತು. ಮೂರೂ ಸೇರಿದರೆ ಏನಾಗುತ್ತದೆ ಅಂತ ಮೇಲೇ ಬರೆದಿದ್ದೇನೆ ಅಲ್ವಾ, ಅದೇ ಆಗುತ್ತದೆ. ಕೆಂಪಾಗುತ್ತದೆ, ಊದುತ್ತದೆ, ಬೊಬ್ಬೆ ಏಳುತ್ತದೆ. ಕಡಿಮೆ ಅಂದರೂ 30 ದಿನ ಈ ಎಚ್ಚರಿಕೆ ಬೇಕು, ಕೆಲವರಿಗೆ ಇನ್ನೂ ಜಾಸ್ತಿ.

ನಾವು ಹೋಗಿದ್ದ ಆಸ್ಪತ್ರೆಯಲ್ಲಿ ಡಿಸ್ಚಾರ್ಜ್ ಮಾಡುವಾಗ ಹೇಳಿದ್ದು ಒಂದೇ ಮಾತು, ಬೆಳಕು ತಾಗಬಾರದು. ನಾವು ಅದನ್ನು ಅಕ್ಷರಶಃ ಪಾಲಿಸಿದೆವು. ಕಿಟಕಿಗೆ ಎರಡು ಪದರ ಪರದೆ, ಬಾಗಿಲ ಸಂದಿಗೆ ಬಟ್ಟೆ, ಬಲ್ಬ್ ಆಫ್. ಹನ್ನೊಂದು ದಿನ ಅಪ್ಪ ಕಗ್ಗತ್ತಲ ರೂಮಿನಲ್ಲಿ ಮಲಗಿದ್ದರು. ಯಾರ ಮುಖವೂ ಕಾಣುವುದಿಲ್ಲ, ಪೇಪರ್ ಓದುವ ಹಾಗಿಲ್ಲ, ಹಗಲು ಯಾವುದು ರಾತ್ರಿ ಯಾವುದು ಅನ್ನುವುದೇ ಅವರಿಗೆ ತಪ್ಪಿಹೋಯಿತು. ಚೆಕಪ್‌ಗೆ ಹೋದಾಗ ಒಬ್ಬ ನರ್ಸ್ ಕೇಳಿ ಗಾಬರಿಯಾದರು. ಪೂರ್ತಿ ಕತ್ತಲು ಬೇಡವೇ ಬೇಡವಂತೆ. ಮನೆಯೊಳಗಿನ ಸಾಧಾರಣ ಬೆಳಕು ಇರಲೇಬೇಕಂತೆ, ಯಾಕಂದರೆ ಆ ಮಂದ ಬೆಳಕಿನಲ್ಲೇ ಚರ್ಮದಲ್ಲಿ ಉಳಿದ ಔಷಧಿ ಸ್ವಲ್ಪ ಸ್ವಲ್ಪವಾಗಿ ಕೆಟ್ಟು ಶಕ್ತಿ ಕಳೆದುಕೊಳ್ಳುವುದು. ಕತ್ತಲಲ್ಲಿ ಇಟ್ಟಷ್ಟೂ ಔಷಧಿ ಹಾಗೇ ಉಳಿಯುತ್ತದೆ. ಅಂದರೆ ಆ ಹನ್ನೊಂದು ದಿನ ನಾವು ಒಳ್ಳೆಯದು ಮಾಡುತ್ತಿದ್ದೇವೆ ಅಂದುಕೊಂಡು ಅಪ್ಪನ ಕಷ್ಟವನ್ನು ಉದ್ದ ಮಾಡಿದ್ದೆವು. ಈಗಲೂ ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ಯಾರಾದರೂ ಎರಡು ನಿಮಿಷ ಕೂತು ಹೇಳಿದ್ದರೆ ಸಾಕಿತ್ತು.

ಇದನ್ನು ಓದುತ್ತಿರುವವರ ಮನೆಯಲ್ಲಿ ಯಾರಿಗಾದರೂ ಇದೇ ಔಷಧಿ ಕೊಡುವುದಿದ್ದರೆ ಇನ್ನೂ ಕೆಲವು ವಿಷಯ ತಿಳಿದುಕೊಳ್ಳಿ. ಸನ್‌ಸ್ಕ್ರೀನ್ ಹಚ್ಚಿದರೆ ಪ್ರಯೋಜನ ಇಲ್ಲ, ಅದು ತಡೆಯುವುದು ಅಲ್ಟ್ರಾವೈಲೆಟ್ ಕಿರಣವನ್ನು, ಈ ಔಷಧಿಯನ್ನು ಎಬ್ಬಿಸುವುದು ಕಣ್ಣಿಗೆ ಕಾಣುವ ಬೆಳಕು. ಮೈ ಮುಚ್ಚುವ ಬಟ್ಟೆ, ಅಗಲ ಅಂಚಿನ ಟೋಪಿ, ಗಾಢ ಬಣ್ಣದ ಕನ್ನಡಕವೇ ದಾರಿ. ಆಪರೇಷನ್ ಥಿಯೇಟರಿನ ಲೈಟು, ಹತ್ತಿರದಿಂದ ಬೀಳುವ ಜೋರು ಲ್ಯಾಂಪು ಕೂಡ ಅಪಾಯವೇ. ಬೆರಳಿಗೆ ಹಾಕುವ ಆಕ್ಸಿಮೀಟರ್‌ನಲ್ಲೂ ಕೆಂಪು ಬೆಳಕು ಇರುತ್ತದೆ, ಹೀಗಾಗಿ ಒಂದೇ ಬೆರಳಿನ ಮೇಲೆ ಬಹಳ ಹೊತ್ತು ಬಿಡಬಾರದು, ಬದಲಾಯಿಸುತ್ತಿರಿ ಅಂತ ಹೇಳಿ.

ತಿಂಗಳು ಕಳೆದ ಮೇಲೆ ಒಂದು ಪರೀಕ್ಷೆ ಇದೆ. ಕಾಗದದ ಚೀಲಕ್ಕೆ ಎರಡು ಇಂಚಿನ ತೂತು ಮಾಡಿ, ಕೈಯನ್ನು ಅದರೊಳಗೆ ಹಾಕಿ, ತೂತಿನಿಂದ ಕಾಣುವ ಚರ್ಮವನ್ನು ಮಾತ್ರ ಹತ್ತು ನಿಮಿಷ ಬಿಸಿಲಿಗೆ ಹಿಡಿಯಬೇಕು. 24 ಗಂಟೆಯೊಳಗೆ ಕೆಂಪು, ಊತ, ಬೊಬ್ಬೆ ಏನೂ ಬರದಿದ್ದರೆ ನಿಧಾನವಾಗಿ ಹೊರಗೆ ಬರಲು ಶುರು ಮಾಡಬಹುದು. ಮುಖದ ಮೇಲೆ ಈ ಪರೀಕ್ಷೆ ಮಾಡಬಾರದು, ಕಣ್ಣಿನ ಸುತ್ತ ಚರ್ಮ ಬಹಳ ಸೂಕ್ಷ್ಮ. ಅಪ್ಪನ ಕೈ ಮೊದಲ ಸಲ ಕೆಂಪಾಯಿತು. ಮತ್ತೆ ಎರಡು ವಾರ ಕಾದು ಮಾಡಿದಾಗ ಸರಿಹೋಯಿತು.

ಟ್ರೀಟ್‌ಮೆಂಟ್ ಆದ ಮೇಲೆ ಅಪ್ಪ ಏಳು ತಿಂಗಳು ಇದ್ದರು. ಅದರಲ್ಲಿ ಒಂದೂವರೆ ತಿಂಗಳು ಪರದೆಯ ಹಿಂದೆ ಹೋಯಿತು. ಇಪ್ಪತ್ತು ವರ್ಷ ಬದುಕುವವರಿಗೆ ಒಂದೂವರೆ ತಿಂಗಳು ದೊಡ್ಡದಲ್ಲ. ಏಳೇ ತಿಂಗಳು ಇರುವವರಿಗೆ ಅದು ಎಷ್ಟು ಅಂತ ಲೆಕ್ಕ ಹಾಕಿ. ಹಾಗಾಗಿ ಈ ಔಷಧಿಗಳಲ್ಲಿ ಯಾವುದೇ ಹೊಸದು ಬಂತು ಅಂದರೂ ನಾನು ಮೊದಲು ಕೇಳುವುದು ಒಂದನ್ನೇ: ಇದನ್ನು ತಗೊಂಡವರು ಎಷ್ಟು ದಿನಕ್ಕೆ ಹೊರಗೆ ಬರಬಹುದು?

ಈ ತೊಂದರೆ ಹೊಸದೂ ಅಲ್ಲ. ಮ್ಯೂನಿಕ್‌ನಲ್ಲಿ ಆಸ್ಕರ್ ರಾಬ್ ಅನ್ನುವ ವಿದ್ಯಾರ್ಥಿ ಒಂದು ಬಣ್ಣದ ದ್ರಾವಣದಲ್ಲಿ ಪ್ಯಾರಾಮೀಸಿಯಂ ಅನ್ನುವ ಒಂದೇ ಕೋಶದ ಜೀವಿಗಳನ್ನು ಇಟ್ಟು ನೋಡುವಾಗ, ಬೆಳಕಿದ್ದರೆ ಬೇಗ ಸಾಯುತ್ತವೆ, ಬೆಳಕು ಕಡಿಮೆ ಇದ್ದರೆ ಬದುಕುತ್ತವೆ ಅಂತ ಕಂಡುಕೊಂಡ. ಅದು 1900ರಲ್ಲಿ ಪ್ರಕಟವಾಯಿತು. 1912ರಲ್ಲಿ ಫ್ರೀಡ್ರಿಶ್ ಮೆಯರ್-ಬೆಟ್ಸ್ ಅನ್ನುವ ಜರ್ಮನ್ ಡಾಕ್ಟರ್ ತನಗೆ ತಾನೇ ಹೆಮಾಟೋಪೋರ್ಫಿರಿನ್ ಅನ್ನುವ, ಬೆಳಕಿಗೆ ಎಚ್ಚರವಾಗುವ ವಸ್ತುವನ್ನು 200 ಮಿಲಿಗ್ರಾಂ ಚುಚ್ಚಿಕೊಂಡರು, ಬಿಸಿಲಿಗೆ ಬಂದಾಗ ಮುಖ ಕೈ ಊದಿ ಗುರುತು ಸಿಗದ ಹಾಗಾಯಿತು, ತಿಂಗಳುಗಟ್ಟಲೆ ಬಿಸಿಲು ಸಹಿಸಲಾಗಲಿಲ್ಲ. 1978ರಲ್ಲಿ ಥಾಮಸ್ ಡೋಹರ್ಟಿ ಮತ್ತು ಜೊತೆಗಾರರು ಅಮೆರಿಕದ ಬಫಲೋದ ರಾಸ್‌ವೆಲ್ ಪಾರ್ಕ್‌ನಲ್ಲಿ 25 ರೋಗಿಗಳ 113 ಗೆಡ್ಡೆಗಳಿಗೆ ಇದೇ ಜಾತಿಯ ಔಷಧಿ ಮತ್ತು ಕೆಂಪು ಬೆಳಕು ಕೊಟ್ಟರು. 111 ಗೆಡ್ಡೆಗಳು ಪೂರ್ತಿಯಾಗಿಯೋ ಸ್ವಲ್ಪವೋ ಕರಗಿದವು. ಇಷ್ಟು ಒಳ್ಳೆಯ ಫಲಿತಾಂಶ ಕೊಟ್ಟ ಔಷಧಿ ಆಸ್ಪತ್ರೆಗಳಲ್ಲಿ ಯಾಕೆ ಎಲ್ಲೆಡೆ ಕಾಣುವುದಿಲ್ಲ ಅಂದರೆ, ಒಂದು ದೊಡ್ಡ ಕಾರಣ ಆ ಪರದೆ. ಬೆಳಕನ್ನು ನಾವು ಹೇಳಿದ ಕಡೆಗೆ ಬಿಡಬಹುದು. ಔಷಧಿ ನಮ್ಮ ಮಾತು ಕೇಳುವುದಿಲ್ಲ.

ನ್ಯಾನೋ ಕಣಗಳು ಬರುವುದು ಇಲ್ಲಿ.

ಪೋರ್ಫಿರಿನ್ ಜಾತಿಯ ಔಷಧಿಗಳಲ್ಲಿ ಹೆಚ್ಚಿನವಕ್ಕೆ ನೀರು ಅಂದರೆ ಆಗುವುದಿಲ್ಲ. ರಕ್ತದಲ್ಲಿ ನೀರೇ ಜಾಸ್ತಿ. ಹಾಗಾಗಿ ಅವು ಒಂದಕ್ಕೊಂದು ಅಂಟಿಕೊಂಡು ಗುಂಪು ಕಟ್ಟುತ್ತವೆ. ಗುಂಪು ಕಟ್ಟಿದ ಔಷಧಿ ಬೆಳಕು ಹೀರಿಕೊಂಡರೂ ಅದನ್ನು ತಮ್ಮೊಳಗೇ ಬಿಸಿಯಾಗಿ ಕಳೆದುಕೊಳ್ಳುತ್ತದೆ, ಆಕ್ಸಿಜನ್‌ಗೆ ದಾಟಿಸುವುದಿಲ್ಲ. ಬಿಡಿ ಬಿಡಿಯಾಗಿ ಇಟ್ಟುಕೊಂಡು ಹೋಗುವ ಒಂದು ಗಾಡಿ ಬೇಕು. ಆ ಗಾಡಿಯೇ ನ್ಯಾನೋ ಕಣ. ಕೊಬ್ಬಿನ ಎರಡು ಪದರದ ಚಿಕ್ಕ ಗುಳ್ಳೆ ಆದರೆ ಲೈಪೋಸೋಮ್. ಪಾಲಿಮರ್, ಸಿಲಿಕಾ, ಚಿನ್ನ, ಹೀಗೆ ನೂರಾರು ಬಗೆಯವನ್ನು ಮಾಡಿ ನೋಡಿದ್ದಾರೆ. ಸಾಮಾನ್ಯವಾಗಿ 10ರಿಂದ 200 ನ್ಯಾನೋಮೀಟರ್ ಒಳಗೆ ಇರುತ್ತವೆ. ನಿಮ್ಮ ಒಂದು ಕೂದಲಿನ ದಪ್ಪ ಹತ್ತಿರ ಹತ್ತಿರ 80,000 ನ್ಯಾನೋಮೀಟರ್ ಇರಬಹುದು, ಹೋಲಿಸಿ ನೋಡಿ. ತೀರಾ ಚಿಕ್ಕದಾದರೆ, 5–6 ನ್ಯಾನೋಮೀಟರ್‌ಗಿಂತ ಕಡಿಮೆ ಆದರೆ, ಕಿಡ್ನಿ ಸೋಸಿ ಹೊರಗೆ ಹಾಕಿಬಿಡುತ್ತದೆ. ದೊಡ್ಡದಾದರೆ ಲಿವರ್, ಗುಲ್ಮ ಹಿಡಿದು ನುಂಗುತ್ತವೆ.

ಗೆಡ್ಡೆಯ ರಕ್ತನಾಳಗಳು ಅವಸರದಲ್ಲಿ ಬೆಳೆದಿರುತ್ತವೆ, ಗೋಡೆಯಲ್ಲಿ ಸಂದು ಜಾಸ್ತಿ. ಈ ಗಾತ್ರದ ಕಣ ಅಲ್ಲಿ ಸೋರಿ ಒಳಗೆ ಹೋಗುತ್ತದೆ, ವಾಪಸ್ ಹರಿದು ಹೋಗುವ ವ್ಯವಸ್ಥೆಯೂ ಗೆಡ್ಡೆಯಲ್ಲಿ ಸರಿ ಇಲ್ಲ, ಹೀಗಾಗಿ ಅಲ್ಲೇ ಉಳಿಯುತ್ತದೆ ಅಂತ ಜಪಾನಿನ ಮಾತ್ಸುಮುರಾ ಮತ್ತು ಮಾಯೆದಾ 1986ರಲ್ಲಿ ತೋರಿಸಿದರು. ಮುಂದಿನ ಮೂವತ್ತು ವರ್ಷ ನ್ಯಾನೋ ಔಷಧಿಯ ಲೋಕ ಇದನ್ನು ನಂಬಿಕೊಂಡೇ ನಡೆಯಿತು. ಪತ್ರಿಕೆಗಳು ಗುರಿ ತಪ್ಪದ ಕ್ಷಿಪಣಿ ಅಂತೆಲ್ಲ ಬರೆದವು. 2016ರಲ್ಲಿ ಟೊರಾಂಟೊದ ವಾರೆನ್ ಚಾನ್ ತಂಡ ಹತ್ತು ವರ್ಷದ ಪ್ರಯೋಗಗಳನ್ನು ಒಟ್ಟು ಹಾಕಿ ಲೆಕ್ಕ ಮಾಡಿತು. ಚುಚ್ಚಿದ ಕಣಗಳಲ್ಲಿ ಗೆಡ್ಡೆಗೆ ತಲುಪಿದ್ದು ಎಷ್ಟು? ನಡುವಿನ ಅಂಕಿ ನೂರಕ್ಕೆ 0.7.

ನೂರಕ್ಕೆ ಒಂದೂ ಇಲ್ಲ. ಅದನ್ನು ಓದಿದ ದಿನ ನನಗೂ ಬೇಜಾರಾಯಿತು. ಆದರೆ ಕೂತು ಯೋಚಿಸಿದ ಮೇಲೆ ಬೆಳಕಿನ ಔಷಧಿಗೆ ಈ ಅಂಕಿ ಕೀಮೋಗೆ ಇರುವಷ್ಟು ಕೆಟ್ಟದ್ದಲ್ಲ ಅನ್ನಿಸಿತು. ಕೀಮೋ ಔಷಧಿ ದಾರಿ ತಪ್ಪಿ ಲಿವರ್‌ಗೆ ಹೋದರೆ ಅಲ್ಲೂ ವಿಷವೇ. ಬೆಳಕಿನ ಔಷಧಿ ಲಿವರ್‌ಗೆ ಹೋದರೆ ಅಲ್ಲಿ ಕತ್ತಲು, ಸುಮ್ನೆ ಕೂತಿರುತ್ತದೆ, ನಿಧಾನವಾಗಿ ಹೊರಗೆ ಹೋಗುತ್ತದೆ. ನಮಗೆ ತೊಂದರೆ ಕೊಡುವುದು ಚರ್ಮಕ್ಕೂ ಕಣ್ಣಿಗೂ ಹೋದ ಪಾಲು ಮಾತ್ರ. ಅಂದರೆ ಇಲ್ಲಿ ನ್ಯಾನೋ ಕಣ ಗೆಡ್ಡೆಗೆ ಪೂರ್ತಿ ಗುರಿ ಇಡದಿದ್ದರೂ ಪರವಾಗಿಲ್ಲ, ಚರ್ಮದಿಂದ ದೂರ ಇದ್ದು, ಬೆಳಕು ಬಿಡುವ ಹೊತ್ತಿಗೆ ಗೆಡ್ಡೆಯಲ್ಲಿ ಸಾಕಷ್ಟು ಇದ್ದು, ಆಮೇಲೆ ಬೇಗ ಖಾಲಿಯಾದರೆ ಗೆದ್ದ ಹಾಗೆ. ಈ ಅಳತೆಯಲ್ಲಿ ಫಲಿತಾಂಶ ಹೇಳುವ ಲೇಖನ ಹುಡುಕಿದರೆ ಕಡಿಮೆ ಸಿಗುತ್ತವೆ. ಗೆಡ್ಡೆ ಎಷ್ಟು ಕುಗ್ಗಿತು ಅಂತ ಎಲ್ಲರೂ ಬರೆಯುತ್ತಾರೆ, ಇಲಿಯ ಚರ್ಮ ಬೆಳಕಿಗೆ ಎಷ್ಟು ದಿನ ಸೂಕ್ಷ್ಮವಾಗಿತ್ತು ಅಂತ ಎಲ್ಲರೂ ಅಳೆಯಬೇಕು.

ಬೇಗ ಖಾಲಿಯಾಗುವುದು ಸಾಧ್ಯ ಅನ್ನುವುದಕ್ಕೆ ಪುರಾವೆ ಆಸ್ಪತ್ರೆಯಲ್ಲೇ ಇದೆ. ವರ್ಟೆಪೋರ್ಫಿನ್ ಅಂತ ಔಷಧಿ, ವಯಸ್ಸಾದವರ ಕಣ್ಣಿನ ರೆಟಿನಾ ಕೆಡುವ ಒಂದು ಕಾಯಿಲೆಗೆ ಅಮೆರಿಕದಲ್ಲಿ 2000ರಲ್ಲಿ ಒಪ್ಪಿಗೆ ಸಿಕ್ಕಿತು. ಅದು ಲೈಪೋಸೋಮ್ ಒಳಗೇ ಬರುತ್ತದೆ. ಹತ್ತು ನಿಮಿಷ ಡ್ರಿಪ್, ಶುರು ಮಾಡಿ ಹದಿನೈದು ನಿಮಿಷಕ್ಕೆ 689 ನ್ಯಾನೋಮೀಟರ್ ಬೆಳಕು, ಬೆಳಕು ಬಿಡುವುದು 83 ಸೆಕೆಂಡು. ಬಿಸಿಲಿನಿಂದ ದೂರ ಇರಬೇಕಾದದ್ದು ಐದು ದಿನ. ಐದು! ನಿಜ ಹೇಳಬೇಕು ಅಂದರೆ ಆ ಐದು ದಿನದ ಪುಣ್ಯ ಪೂರ್ತಿ ಲೈಪೋಸೋಮ್‌ನದಲ್ಲ, ಆ ಔಷಧಿಯೇ ದೇಹದಿಂದ ಬೇಗ ಹೋಗುವ ಜಾತಿ. ಆದರೆ ಲೈಪೋಸೋಮ್ ಇಲ್ಲದೆ ಅದನ್ನು ರಕ್ತಕ್ಕೆ ಬಿಡುವುದೇ ಕಷ್ಟ, ಅಷ್ಟು ನೀರಿಗೆ ಆಗದ ವಸ್ತು. ಇದು ಕ್ಯಾನ್ಸರ್ ಔಷಧಿ ಅಲ್ಲ ಅನ್ನುವುದೂ ಗೊತ್ತಿರಲಿ.

ಈಗ ಅಕ್ಕನ ವಿಷಯ. ಅವಳ ಹಣೆಯ ಮೇಲೆ ಒಂದು ಕೆಂಪು ಪಟ್ಟಿ, ಒಣಗಿ ಪೊರೆ ಏಳುತ್ತಿತ್ತು, ವರ್ಷವಾದರೂ ವಾಸಿಯಾಗಲಿಲ್ಲ. ಚೂರು ತೆಗೆದು ಪರೀಕ್ಷೆ ಮಾಡಿದಾಗ ಬೇಸಲ್ ಸೆಲ್ ಕಾರ್ಸಿನೋಮಾ ಅನ್ನುವ ಚರ್ಮದ ಕ್ಯಾನ್ಸರ್, ಮೇಲ್ಪದರದಲ್ಲಷ್ಟೇ ಇರುವ ಬಗೆ. ಕೊಯ್ದು ತೆಗೆಯಬಹುದು, ಇಲ್ಲ ಪಿಡಿಟಿ ಮಾಡಬಹುದು ಅಂದರು. ಪಿಡಿಟಿ ಅಂದ ಕೂಡಲೇ ನನ್ನ ಕೈಕಾಲು ತಣ್ಣಗಾಯಿತು. ಮತ್ತೆ ಪರದೆ, ಮತ್ತೆ ಕತ್ತಲು ಅಂತ. ಡಾಕ್ಟರ್ ಕೇಳಿ ನಕ್ಕು, ಇದು ಇಂಜೆಕ್ಷನ್ ಅಲ್ಲ, ಹಚ್ಚುವ ಜೆಲ್, ಎರಡು ದಿನ ಆ ಜಾಗ ಮುಚ್ಚಿಕೊಂಡರೆ ಸಾಕು ಅಂದರು. ಅಕ್ಕ ನನ್ನ ಕೈ ಹಿಡಿದು, "ಸಾಕು ಸುಮ್ನಿರೆ, ನಾನೇನು ಒಂದು ತಿಂಗಳು ಒಳಗೆ ಕೂರಲ್ಲ" ಅಂದಳು.

ಜೆಲ್‌ನಲ್ಲಿ ಇರುವುದು ಅಮೈನೋಲೆವುಲಿನಿಕ್ ಆಸಿಡ್. ಅದು ತಾನಾಗಿ ಬೆಳಕಿನ ಔಷಧಿ ಅಲ್ಲ. ಜೀವಕೋಶ ಅದನ್ನು ಒಳಗೆ ತಗೊಂಡು, ರಕ್ತಕ್ಕೆ ಕೆಂಪು ಬಣ್ಣ ಕೊಡುವ ಹೀಮ್ ಮಾಡುವ ದಾರಿಯಲ್ಲೇ ಪ್ರೋಟೋಪೋರ್ಫಿರಿನ್ ಅನ್ನುವ ವಸ್ತುವನ್ನು ತಯಾರಿಸುತ್ತದೆ. ಅದೇ ಬೆಳಕಿಗೆ ಎಚ್ಚರವಾಗುವುದು. ಕೆಟ್ಟ ಜೀವಕೋಶಗಳಲ್ಲಿ ಅದು ಜಾಸ್ತಿ ಶೇಖರ ಆಗುತ್ತದೆ. ಶತ್ರುವಿನ ಅಡುಗೆಮನೆಯಲ್ಲೇ ಔಷಧಿ ತಯಾರಾಗುತ್ತದೆ ಅನ್ನಬಹುದು, ನನಗೆ ಇದರಲ್ಲಿ ಬಹಳ ಇಷ್ಟವಾದ ಭಾಗ ಇದೇ. ಕಷ್ಟ ಏನು ಅಂದರೆ, ಈ ಆಸಿಡ್ ನೀರನ್ನು ಇಷ್ಟಪಡುವ ಚಿಕ್ಕ ಅಣು, ಚರ್ಮದ ಮೇಲ್ಪದರ ಕೊಬ್ಬಿನ ಗೋಡೆ. ಒಳಗೆ ಹೋಗುವುದೇ ಕಷ್ಟ, ಜೊತೆಗೆ ಡಬ್ಬಿಯಲ್ಲಿ ಇಟ್ಟರೆ ಬೇಗ ಕೆಡುತ್ತದೆ. ಕೊಬ್ಬಿನ ಅತಿ ಚಿಕ್ಕ ಹನಿಗಳ ಜೊತೆ ಸೇರಿಸಿ ನ್ಯಾನೋ ಎಮಲ್ಷನ್ ಮಾಡಿದಾಗ ಎರಡೂ ಸುಧಾರಿಸಿತು. ಅಮೆಲುಜ್ ಅನ್ನುವ ಇಂಥ ಜೆಲ್‌ಗೆ ಯುರೋಪಿನಲ್ಲಿ 2011ರಲ್ಲಿ, ಅಮೆರಿಕದಲ್ಲಿ 2016ರಲ್ಲಿ ಒಪ್ಪಿಗೆ ಸಿಕ್ಕಿದೆ, ಎರಡೂ ಕಡೆ ಮೊದಲು ಸಿಕ್ಕಿದ್ದು ಬಿಸಿಲಿನಿಂದ ಆಗುವ, ಮುಂದೆ ಕ್ಯಾನ್ಸರ್ ಆಗಬಹುದಾದ ಒರಟು ಕಲೆಗಳಿಗೆ. ಗುರಿ ಹುಡುಕಿಕೊಂಡು ಹೋಗುವ ಬುದ್ಧಿವಂತ ಕಣ ಏನೂ ಇದರಲ್ಲಿ ಇಲ್ಲ. ಬಾಗಿಲು ತೆರೆದುಕೊಡುವ ಕೆಲಸ ಅಷ್ಟೇ, ಆ ಕೆಲಸ ಚೆನ್ನಾಗಿ ಮಾಡುತ್ತದೆ.

ಮಾಡಿದ ಕ್ರಮ ಹೀಗೆ. ಪೊರೆ ಕೆರೆದು, ಸ್ಪಿರಿಟ್‌ನಿಂದ ಒರೆಸಿದರು. ಒಂದು ಮಿಲಿಮೀಟರ್ ದಪ್ಪ ಜೆಲ್ ಹಚ್ಚಿ, ಹತ್ತು ನಿಮಿಷ ಒಣಗಲು ಬಿಟ್ಟು, ಬೆಳಕು ಹೋಗದ ಪಟ್ಟಿಯಿಂದ ಮುಚ್ಚಿ ಮೂರು ಗಂಟೆ ಕೂರಿಸಿದರು. ಪಟ್ಟಿ ತೆಗೆದು ಒರೆಸಿದ ಮೇಲೆ ಡಾಕ್ಟರ್ ರೂಮಿನ ಲೈಟ್ ಆರಿಸಿ ಒಂದು ನೀಲಿ ದೀಪ ಹಿಡಿದರು. ಅಕ್ಕನ ಹಣೆಯ ಮೇಲೆ ಆ ಪಟ್ಟಿಯಷ್ಟೇ ಗುಲಾಬಿ ಕೆಂಪಾಗಿ ಹೊಳೆಯಿತು. ಪಕ್ಕದ ಚರ್ಮದಲ್ಲಿ ಏನೂ ಇಲ್ಲ. ಒಂದು ಅಂಚಿನಲ್ಲಿ ಮಾತ್ರ ಹೊಳಪು ನಮ್ಮ ಕಣ್ಣಿಗೆ ಕಂಡ ಕಲೆಗಿಂತ ಆಚೆಗೂ ಚಾಚಿಕೊಂಡಿತ್ತು, ಡಾಕ್ಟರ್ ಅದನ್ನೂ ಗುರುತು ಮಾಡಿಕೊಂಡರು. ಔಷಧಿ ಎಲ್ಲಿದೆ ಅಂತ ಔಷಧಿಯೇ ತೋರಿಸುವುದು ನಾನು ಬೇರೆ ಯಾವ ಟ್ರೀಟ್‌ಮೆಂಟ್‌ನಲ್ಲೂ ನೋಡಿಲ್ಲ.

ಆಮೇಲೆ ಕಣ್ಣಿಗೆ ಕನ್ನಡಕ ಹಾಕಿ 635 ನ್ಯಾನೋಮೀಟರ್ ಹತ್ತಿರದ ಕೆಂಪು ದೀಪ, ಹತ್ತು ನಿಮಿಷ. ಅರ್ಧ ಸ್ಟಾರ್ ಕಳೆದದ್ದು ಈ ಹತ್ತು ನಿಮಿಷಕ್ಕೆ. ನೋವಾಗುತ್ತದೆ. ಸ್ವಲ್ಪ ಉರಿ ಅನ್ನಿಸಬಹುದು ಅಂತ ಹೇಳಿ ಕೂರಿಸುತ್ತಾರೆ, ಅದು ಸ್ವಲ್ಪ ಅಲ್ಲ. ಅಕ್ಕ ಎರಡು ಹೆರಿಗೆ ಕಂಡವಳು, ಸುಲಭಕ್ಕೆ ಅಳುವವಳಲ್ಲ, ನಾಲ್ಕನೇ ನಿಮಿಷಕ್ಕೆ ಕಣ್ಣಲ್ಲಿ ನೀರು ಬಂತು. ಕಾದ ಸೂಜಿಗಳಿಂದ ಚುಚ್ಚಿದ ಹಾಗೆ ಅಂದಳು. ಫ್ಯಾನ್ ಗಾಳಿ ಬಿಟ್ಟರು, ಮಧ್ಯ ಒಂದು ನಿಮಿಷ ದೀಪ ನಿಲ್ಲಿಸಿದರು, ಅದರಿಂದ ತಡೆಯಲು ಆಯಿತು. ದೀಪ ಆರಿಸಿದ ಮೇಲೆ ನೋವು ಬೇಗ ಇಳಿಯಿತು, ಸಂಜೆಗೆ ಬಿಸಿಲಿಗೆ ಸುಟ್ಟ ಹಾಗೆ ಕೆಂಪು ಮಾತ್ರ ಉಳಿಯಿತು. ಮುಖದ ಮೇಲೆ, ದೊಡ್ಡ ಜಾಗಕ್ಕೆ ಮಾಡಿಸುವವರು ನೋವಿಗೆ ಏನು ಕೊಡುತ್ತೀರಿ ಅಂತ ಮೊದಲೇ ಕೇಳಿಕೊಳ್ಳಿ.

48 ಗಂಟೆ ಹಣೆ ಮುಚ್ಚಿಕೊಂಡು, ಬಿಸಿಲಿಗೆ ಹೋಗದೆ ಇದ್ದಳು. ಮೂರನೇ ದಿನ ಕೆಲಸಕ್ಕೆ ಹೋದಳು. ನಾನು ಅವಳನ್ನು ಬಾಗಿಲವರೆಗೆ ಬಿಡಲು ಹೋಗಿ ಅಲ್ಲೇ ನಿಂತುಬಿಟ್ಟೆ. ಅಪ್ಪನಿಗೆ ಒಂದೂವರೆ ತಿಂಗಳು, ಇವಳಿಗೆ ಎರಡು ದಿನ. ಅನ್ನನಾಳದೊಳಗಿನ ಗೆಡ್ಡೆಗೂ ಚರ್ಮದ ಮೇಲಿನ ಕಲೆಗೂ ಹೋಲಿಕೆ ಇಲ್ಲ, ಗೊತ್ತು. ಆದರೂ ಆ ಲೆಕ್ಕ ಮನಸ್ಸಿಗೆ ಬಂದೇ ಬಂತು. ಒಂದು ವಾರ ಬಿಟ್ಟು ಎರಡನೇ ಸಲ ಮಾಡಿದರು. ಪೊರೆ ಕಟ್ಟಿ ಉದುರಿತು. ಮೂರು ತಿಂಗಳಿಗೆ ನೋಡಿದಾಗ ಕಲೆ ಇಲ್ಲ, ಹೊಲಿಗೆಯ ಗುರುತೂ ಇಲ್ಲ, ಚರ್ಮ ಸ್ವಲ್ಪ ತಿಳಿ ಬಣ್ಣ ಅಷ್ಟೇ.

ಹಾಗಾದರೆ ಅಪ್ಪನಂಥವರಿಗೆ ಇದು ಯಾಕೆ ಇನ್ನೂ ಬಂದಿಲ್ಲ? ಗೆಡ್ಡೆ ಒಳಗಿದ್ದರೆ ಎರಡು ಗೋಡೆ ಇವೆ. ಮೊದಲನೆಯದು ಬೆಳಕಿನ ಆಳ. ಕತ್ತಲಲ್ಲಿ ಟಾರ್ಚ್ ಮೇಲೆ ಅಂಗೈ ಇಟ್ಟು ನೋಡಿ, ಬೆರಳು ಕೆಂಪಾಗಿ ಹೊಳೆಯುತ್ತದೆ. ಉಳಿದ ಬಣ್ಣಗಳನ್ನು ರಕ್ತ ಹೀರಿಬಿಡುತ್ತದೆ, ಕೆಂಪು ಮಾತ್ರ ದಾಟುತ್ತದೆ. ಆ ಕೆಂಪೂ ಕೆಲವು ಮಿಲಿಮೀಟರ್, ಹೆಚ್ಚೆಂದರೆ ಒಂದು ಸೆಂಟಿಮೀಟರ್ ಆಳಕ್ಕೆ ಕೆಲಸಕ್ಕೆ ಬರುವಷ್ಟು ಹೋಗುತ್ತದೆ. ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಇನ್ನೂ ಆಳಕ್ಕೆ ಹೋಗುತ್ತದೆ, ಆದರೆ ಸುಮಾರು 850 ನ್ಯಾನೋಮೀಟರ್ ದಾಟಿದರೆ ಆಕ್ಸಿಜನ್ ಎಬ್ಬಿಸುವಷ್ಟು ಶಕ್ತಿ ಆ ಬೆಳಕಿಗೆ ಇರುವುದಿಲ್ಲ. ಇದಕ್ಕೆ ಒಂದು ಚೆಂದದ ಉಪಾಯ ಅಪ್‌ಕನ್ವರ್ಷನ್ ಕಣಗಳು. ಯಿಟರ್ಬಿಯಂ, ಎರ್ಬಿಯಂ ಥರದ ಅಪರೂಪದ ಲೋಹ ಸೇರಿಸಿದ ಈ ಕಣ 980 ನ್ಯಾನೋಮೀಟರ್ ಬೆಳಕಿನ ಎರಡು ಮೂರು ತುಣುಕು ಸೇರಿಸಿ ಒಂದು ಶಕ್ತಿವಂತ ತುಣುಕು ಮಾಡಿ, ಮೈಮೇಲೆ ಅಂಟಿಸಿಕೊಂಡ ಔಷಧಿಗೆ ಕೊಡುತ್ತದೆ. 2012ರಲ್ಲಿ ಸಿಂಗಾಪುರದ ತಂಡ ಇಲಿಗಳಲ್ಲಿ ಗೆಡ್ಡೆಯ ಬೆಳವಣಿಗೆ ಇದರಿಂದ ತಗ್ಗಿದ್ದನ್ನು ತೋರಿಸಿತು. ಆದರೆ ಕೊಟ್ಟ ಬೆಳಕಿನಲ್ಲಿ ಹೀಗೆ ಬದಲಾಗುವುದು ಬಹಳ ಕಡಿಮೆ ಪಾಲು, 980 ಬೆಳಕನ್ನು ಮೈಯಲ್ಲಿರುವ ನೀರೂ ಹೀರಿ ಬಿಸಿಯಾಗುತ್ತದೆ, ಕೆಲಸ ಮುಗಿದ ಮೇಲೆ ಆ ಲೋಹದ ಕಣ ದೇಹದಿಂದ ಯಾವಾಗ ಹೋಗುತ್ತದೆ ಅನ್ನುವುದೂ ದೊಡ್ಡ ಪ್ರಶ್ನೆ.

ಎರಡನೆಯ ಗೋಡೆ ಆಕ್ಸಿಜನ್. ದೊಡ್ಡ ಗೆಡ್ಡೆಯ ಒಳಭಾಗದಲ್ಲಿ ಆಕ್ಸಿಜನ್ ಮೊದಲೇ ಕಡಿಮೆ, ಬೆಳಕು ಬಿಟ್ಟ ಮೇಲೆ ಇದ್ದದ್ದೂ ಖರ್ಚಾಗುತ್ತದೆ. ಗೆಡ್ಡೆಯಲ್ಲಿ ಇರುವ ಹೈಡ್ರೋಜನ್ ಪೆರಾಕ್ಸೈಡ್‌ನಿಂದಲೇ ಆಕ್ಸಿಜನ್ ಬಿಡಿಸುವ ಮ್ಯಾಂಗನೀಸ್ ಡಯಾಕ್ಸೈಡ್ ಕಣ, ಆಕ್ಸಿಜನ್ ತುಂಬಿಕೊಂಡು ಹೋಗುವ ಪರ್‌ಫ್ಲೋರೋಕಾರ್ಬನ್ ಹನಿ, ಹೀಗೆ ಪ್ರಯತ್ನ ನಡೆದಿದೆ. ನನಗೆ ಇವೆಲ್ಲಕ್ಕಿಂತ ಹಿಡಿಸಿದ್ದು ಟೊರಾಂಟೊದ ಗ್ಯಾಂಗ್ ಝೆಂಗ್ ತಂಡ 2011ರಲ್ಲಿ ತೋರಿಸಿದ ಪೋರ್ಫಿಸೋಮ್. ಅದರಲ್ಲಿ ಗಾಡಿ ಬೇರೆ ಔಷಧಿ ಬೇರೆ ಅಲ್ಲ, ಪೋರ್ಫಿರಿನ್ ಅಂಟಿಸಿದ ಕೊಬ್ಬಿನ ಅಣುಗಳಿಂದಲೇ 100 ನ್ಯಾನೋಮೀಟರ್ ಸುತ್ತಮುತ್ತಲಿನ ಗುಳ್ಳೆ ಕಟ್ಟುತ್ತಾರೆ. ಗುಳ್ಳೆ ಇಡಿಯಾಗಿ ಇರುವಾಗ ಔಷಧಿ ಒತ್ತೊತ್ತಾಗಿ ಇರುವುದರಿಂದ ಬೆಳಕು ಬಿದ್ದರೆ ಬಿಸಿ ಮಾತ್ರ ಆಗುತ್ತದೆ, ಒಡೆದು ಬಿಡಿಯಾದ ಮೇಲೆ ಸಿಂಗ್ಲೆಟ್ ಆಕ್ಸಿಜನ್ ಕೊಡಲು ಶುರು ಮಾಡುತ್ತದೆ. ನಾನು ಮೇಲೆ ದೂರಿದ ಅದೇ ಗುಂಪು ಕಟ್ಟುವ ಗುಣವನ್ನು ಬೀಗದ ಹಾಗೆ ಬಳಸಿಕೊಂಡಿದ್ದಾರೆ. ಚರ್ಮಕ್ಕೆ ಬಂದಾಗ ಬೀಗ ಹಾಕಿಕೊಂಡು, ಗೆಡ್ಡೆಯಲ್ಲಿ ಮಾತ್ರ ತೆರೆಯುವ ಔಷಧಿ ಬಂದರೆ ಆ ಪರದೆಯೇ ಬೇಡ ಅಲ್ವಾ?

ಗುರಿ ಇಟ್ಟು ಕಳಿಸುವ ವಿಷಯದಲ್ಲಿ ನ್ಯಾನೋ ಕಣಕ್ಕಿಂತ ಮೊದಲು ಆಸ್ಪತ್ರೆಗೆ ಬಂದದ್ದು ಆಂಟಿಬಾಡಿ, ಅಂದರೆ ತನ್ನ ಗುರಿಯನ್ನು ಗುರುತಿಸಿ ಅಂಟಿಕೊಳ್ಳುವ ಪ್ರೋಟೀನ್. ಸೆಟುಕ್ಸಿಮ್ಯಾಬ್ ಸರೋಟಾಲೋಕಾನ್ ಅನ್ನುವ, ಆಂಟಿಬಾಡಿಗೆ ಬಣ್ಣ ಅಂಟಿಸಿದ ಔಷಧಿಗೆ ಜಪಾನ್ 2020ರಲ್ಲಿ ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್‌ಗೆ ಒಪ್ಪಿಗೆ ಕೊಟ್ಟಿದೆ, ಬೆಳಕು 690 ನ್ಯಾನೋಮೀಟರ್. ಹಾಗಾಗಿ ಯಾರಾದರೂ ನಿಮ್ಮ ಮುಂದೆ ನ್ಯಾನೋ ಪಿಡಿಟಿ ಅಂತ ದೊಡ್ಡದಾಗಿ ಹೇಳಿ ದುಡ್ಡು ಕೇಳಿದರೆ, ಔಷಧಿಯ ಹೆಸರು ಬರೆದುಕೊಡಿ ಅನ್ನಿ, ಯಾವ ಕ್ಯಾನ್ಸರ್‌ಗೆ ಒಪ್ಪಿಗೆ ಇದೆ ಕೇಳಿ, ಒಪ್ಪಿಗೆ ಇಲ್ಲದಿದ್ದರೆ ಅದು ಟ್ರಯಲ್ಲೋ ಅಂತ ಕೇಳಿ, ಟ್ರಯಲ್ ಆದರೆ ನೋಂದಣಿ ನಂಬರ್ ಇರಲೇಬೇಕು. ಚಿನ್ನದ ಕಣ ಅಂದರೆ ಅದು ಹೆಚ್ಚಾಗಿ ಬೆಳಕಿನಿಂದ ಬಿಸಿ ಮಾಡಿ ಸುಡುವ ಬೇರೆ ಟ್ರೀಟ್‌ಮೆಂಟ್, ಇದಲ್ಲ. ಪೋರ್ಫಿರಿಯಾ, ಅಂದರೆ ಮೈಯಲ್ಲೇ ಪೋರ್ಫಿರಿನ್ ಜಾಸ್ತಿ ಸೇರಿಕೊಳ್ಳುವ ಕಾಯಿಲೆ ಇರುವವರಿಗೆ ಪೋರ್ಫಿರಿನ್ ಜಾತಿಯ ಈ ಔಷಧಿಗಳು ಬೇಡ. ಅನ್ನನಾಳದ ಗೆಡ್ಡೆ ಶ್ವಾಸನಾಳಕ್ಕೋ ದೊಡ್ಡ ರಕ್ತನಾಳಕ್ಕೋ ಕೊರೆದಿದ್ದರೂ ಪೋರ್ಫೈಮರ್ ಕೊಡುವುದಿಲ್ಲ, ಸತ್ತ ಭಾಗ ಉದುರಿದಾಗ ತೂತಾಗುತ್ತದೆ. ಮೈಯೆಲ್ಲ ಹರಡಿದ ಕ್ಯಾನ್ಸರ್ ಗುಣವಾಗುತ್ತದೆ ಅಂದರೆ ನಂಬಬೇಡಿ, ಬೆಳಕು ಹೋದಲ್ಲಿ ಮಾತ್ರ ಇದು ಕೆಲಸ ಮಾಡುವುದು.

ಚರ್ಮದ ಮೇಲ್ಪದರದ ಕಲೆ, ಡಾಕ್ಟರ್ ಪಿಡಿಟಿ ಆಗುತ್ತದೆ ಅಂದಿದ್ದಾರೆ ಅಂದರೆ ಧೈರ್ಯವಾಗಿ ಮಾಡಿಸಿ. ಅನ್ನನಾಳ ಕಟ್ಟಿಕೊಂಡು ನೀರೂ ಇಳಿಯದವರಿಗೆ ಹಳೆಯ ಇಂಜೆಕ್ಷನ್ ಕೂಡ ಈಗಲೂ ಒಳ್ಳೆಯದೇ, ಆದರೆ ಮುಂದಿನ ಒಂದು ತಿಂಗಳು ಮನೆಯಲ್ಲಿ ಹೇಗೆ ಇಟ್ಟುಕೊಳ್ಳಬೇಕು ಅಂತ ಬರೆಸಿಕೊಂಡೇ ಡಿಸ್ಚಾರ್ಜ್ ಆಗಿ, ರೂಮಿನ ದೀಪ ಉರಿಯುತ್ತಿರಲಿ. ಅಕ್ಕನಿಗೆ ಒಂದು ವರ್ಷದ ಚೆಕಪ್ ಬಾಕಿ ಇದೆ. ಈ ಬಗೆಯ ಕಲೆ ಕೆಲವರಿಗೆ ಮರಳಿ ಬರುತ್ತದೆ, ಬಂದರೆ ನಾಲ್ಕೂವರೆಯಲ್ಲಿ ಎಷ್ಟು ಕಳೆಯುತ್ತೇನೆ ಅಂತ ಇಲ್ಲೇ ಬರೆಯುತ್ತೇನೆ.